ಕಂದೀಲು ಹಿಡಿದವಳು

ನಮ್ಮ ಹಳೆಯ ಮನೆಯ ಒಳಗಡೆ ತೆಗೆದ ಫೋಟೋ ಇರುವುದು ಒಂದೇ ಒಂದು. ಆ ಮನೆ ಈಗ ಶರಾವತಿಯ ಹಿನ್ನೀರಿನ ತಳದಲ್ಲಿದೆ. ಲಿಂಗನಮಕ್ಕಿ ಅಣೆಕಟ್ಟಿನ ಕೆಲಸ 1964ರಲ್ಲಿ ಮುಗಿಯಿತು. ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಊರುಗಳ ಜೊತೆಗೆ ನಮ್ಮ ಅಡಿಕೆ ತೋಟ, ಗದ್ದೆ, ಕೊಟ್ಟಿಗೆ ಎಲ್ಲವೂ ಮುಳುಗಿದವು. ನಾವು ತೀರ್ಥಹಳ್ಳಿ ಕಡೆಗೆ ಬಂದೆವು. ಹೊರಡುವ ಮುಂಚೆ ಅಜ್ಜಯ್ಯ ಸಾಗರ ಪೇಟೆಯಿಂದ ಫೋಟೋದವರೊಬ್ಬರನ್ನು ಕರೆಸಿದ್ದರು. ನಾನಾಗ ಆರು ವರ್ಷದ ಹುಡುಗಿ.

ಅಂಗಳದಲ್ಲಿ ಒಂದು ಫೋಟೋ ಸಲೀಸಾಗಿ ಆಯಿತು. ಅದರಲ್ಲಿ ಅಮ್ಮಮ್ಮ ಇಲ್ಲ. ಅವಳು ಒಳಗೆ ಫೋಟೋದವರಿಗೆಂದೇ ದೋಸೆ ಎರೆಯುತ್ತಿದ್ದಳು. ಆಮೇಲೆ ಅಜ್ಜಯ್ಯ ಹಟ ಹಿಡಿದರು, ನಡುಮನೆಯ ಮುಂಡಿಗೆಯ ಪಕ್ಕದಲ್ಲಿ ಇನ್ನೊಂದು ಆಗಲೇಬೇಕು ಎಂದು. ಹಲಸಿನ ಮರದ ಕೆತ್ತನೆಯ ಕಂಬ ಅದು. ಅದನ್ನು ಕಿತ್ತು ಒಯ್ಯುವ ಹಾಗಿರಲಿಲ್ಲ.

ಮಲೆನಾಡಿನ ಹಳೆಯ ಮನೆಗಳ ನಡುಮನೆ ನೋಡಿದವರಿಗೆ ಆ ಕತ್ತಲೆ ಗೊತ್ತು. ಮಳೆಗೆ ಹೆದರಿ ಸೂರನ್ನು ಎದೆಮಟ್ಟಕ್ಕೆ ಇಳಿಸಿರುತ್ತಾರೆ, ಕಿಟಕಿ ಅಂಗೈಯಗಲ, ಜಂತಿಯೆಲ್ಲ ಹೊಗೆ ಹಿಡಿದು ಕಪ್ಪು. ಜೋಗದ ವಿದ್ಯುದಾಗಾರ 1948ರಲ್ಲೇ ಶುರುವಾಗಿತ್ತು, ಆದರೆ ನಮ್ಮ ಮನೆ ಮುಳುಗುವವರೆಗೂ ಅಲ್ಲೊಂದು ಬಲ್ಬು ಉರಿಯಲಿಲ್ಲ. ಫೋಟೋದವರು ಕರಿಯ ಬಟ್ಟೆ ಹೊದ್ದು ಕ್ಯಾಮೆರಾದ ಹಿಂದಿನ ಗಾಜಿನಲ್ಲಿ ನೋಡಿದರೆ ಏನೂ ಕಾಣದು. ಆ ಗಾಜಿನ ಮೇಲೆ ಚಿತ್ರ ತಲೆಕೆಳಗಾಗಿ ಮೂಡುತ್ತದೆ. ಅದು ಸ್ಪಷ್ಟವಾಗುವವರೆಗೆ ಲೆನ್ಸನ್ನು ಹಿಂದೆ ಮುಂದೆ ಸರಿಸಬೇಕು. ಚಿತ್ರವೇ ಮೂಡದಿದ್ದರೆ ಸರಿಸುವುದು ಏನನ್ನು ನೋಡಿ?

ಇಲ್ಲಿ ಇನ್ನೊಂದು ತೊಡಕಿದೆ. ಬಿಸಿಲಿನಲ್ಲಿ ಲೆನ್ಸಿನ ಕಂಡಿಯನ್ನು ಕಿರಿದು ಮಾಡಬಹುದು, ಆಗ ಹತ್ತಿರದ್ದೂ ದೂರದ್ದೂ ಒಟ್ಟಿಗೆ ಚೂಪಾಗಿ ಬರುತ್ತದೆ. ಕತ್ತಲಲ್ಲಿ ಕಂಡಿಯನ್ನು ಅಗಲ ತೆರೆಯಬೇಕು. ಆಗ ಒಂದೆರಡು ಗೇಣಿನ ಆಳ ಮಾತ್ರ ಸ್ಪಷ್ಟ, ಉಳಿದದ್ದೆಲ್ಲ ಮಸುಕು. ಅಂದರೆ ನೋಡುವುದಕ್ಕೆ ಕಷ್ಟವಾದ ಹೊತ್ತಿನಲ್ಲೇ ತಪ್ಪಿಗೆ ಜಾಗ ಕಡಿಮೆ.

"ಯಾರಾದರೂ ಒಂದು ದೀಪ ಹಿಡಿಯಿರಿ" ಎಂದರು ಅವರು. ಅಮ್ಮಮ್ಮ ಕಂದೀಲು ತಂದು ಮುಂಡಿಗೆಗೆ ಒತ್ತಿ ಹಿಡಿದಳು. ಕೆತ್ತನೆಯ ಅಂಚು ಗಾಜಿನಲ್ಲಿ ಕಂಡಿತು, ಫೋಕಸ್ ಸಿಕ್ಕಿತು. "ಆಯ್ತಮ್ಮ, ನೀವು ಸರಿಯಿರಿ." ಅವಳು ಸರಿದಳು. ಅವರು ಲೆನ್ಸಿನ ಮುಚ್ಚಳ ತೆಗೆದು ಹತ್ತರವರೆಗೆ ಎಣಿಸಿದರು. ನಾವೆಲ್ಲ ಉಸಿರು ಬಿಗಿಹಿಡಿದು ನಿಂತೆವು.

ಕತ್ತಲಲ್ಲಿ ಕ್ಯಾಮೆರಾಕ್ಕೆ ಹೀಗೆ ದಾರಿ ತೋರಿಸುವ ಕೆಲಸ ಬಹಳ ಹಳೆಯದು. ಸಿನಿಮಾದಲ್ಲಿ ಅದಕ್ಕೆಂದೇ ಒಬ್ಬ ಸಹಾಯಕ ಇರುತ್ತಾನೆ. ಲೆನ್ಸಿನಿಂದ ನಟಿಯ ಮುಖದವರೆಗೆ ಟೇಪು ಹಿಡಿದು ಅಳೆದು ಗುರುತು ಹಾಕಿಕೊಳ್ಳುತ್ತಾನೆ. ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನ ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' ಬಂದದ್ದು 1977ರಲ್ಲಿ, ಕ್ಯಾಮೆರಾ ಎಸ್. ರಾಮಚಂದ್ರ ಅವರದು. ಅಂಥ ಕತ್ತಲ ಮನೆಗಳನ್ನು ನಾನು ಪರದೆಯ ಮೇಲೆ ಕಂಡದ್ದು ಅದರಲ್ಲೇ ಮೊದಲು.

ಅದೇ 1977ರಲ್ಲಿ ಜಪಾನಿನ ಕೋನಿಕಾ ಕಂಪನಿ ತಾನಾಗಿಯೇ ಫೋಕಸ್ ಮಾಡಿಕೊಳ್ಳುವ ಕ್ಯಾಮೆರಾವನ್ನು ಮಾರುಕಟ್ಟೆಗೆ ತಂದಿತು. ಎರಡು ಪುಟ್ಟ ಕಿಂಡಿಗಳಿಂದ ಎರಡು ಚಿತ್ರ ಪಡೆದು, ಅವು ಒಂದರ ಮೇಲೊಂದು ಕೂಡುವ ದೂರವನ್ನು ಅದು ಹುಡುಕುತ್ತಿತ್ತು. ನಮ್ಮ ಎರಡು ಕಣ್ಣುಗಳ ಉಪಾಯವೇ ಅನ್ನಿ. ಆದರೆ ಬೆಳಕು ಕುಗ್ಗಿದರೆ ಅದಕ್ಕೂ ಕಣ್ಣು ಕತ್ತಲೆ. ಮರುವರ್ಷ ಪೋಲರಾಯ್ಡ್ ಕಂಪನಿ ಶಬ್ದದ ಮೊರೆ ಹೋಯಿತು. ನಮ್ಮ ಮಾಡಿನ ಸಂದಿಯ ಹುಳ ಹಿಡಿಯುವ ಬಾವಲಿಗಳ ಹಾಗೆ, ನಮಗೆ ಕೇಳಿಸದ ಶಬ್ದವನ್ನು ಎಸೆದು ಪ್ರತಿಧ್ವನಿಯಿಂದ ದೂರ ಅಳೆಯುವ ಕ್ಯಾಮೆರಾ. ಕತ್ತಲಾದರೂ ಅದಕ್ಕೆ ಚಿಂತೆಯಿಲ್ಲ, ಆದರೆ ಕಿಟಕಿಯ ಗಾಜಿನಾಚೆ ಇರುವವರ ಚಿತ್ರ ತೆಗೆಯಹೋದರೆ ಗಾಜಿಗೇ ಫೋಕಸ್! 1979ರಲ್ಲಿ ಕ್ಯಾನನ್ ಕಣ್ಣಿಗೆ ಕಾಣದ ಅವಗೆಂಪು ಕಿರಣ ಬಿಟ್ಟಿತು. 1985ರಲ್ಲಿ ಮಿನೋಲ್ಟಾ 7000 ಬಂದ ಮೇಲೆ ಲೆನ್ಸು ಬದಲಿಸುವ ದೊಡ್ಡ ಕ್ಯಾಮೆರಾಗಳಿಗೂ ಈ ವಿದ್ಯೆ ಹರಡಿತು.

ಶಬ್ದವನ್ನೋ ಅವಗೆಂಪು ಕಿರಣವನ್ನೋ ಎಸೆದು ದೂರ ಅಳೆಯುವವನ್ನು ಬಿಟ್ಟರೆ, ಈ ಕ್ಯಾಮೆರಾಗಳು ಹುಡುಕುವುದು ಮುಖವನ್ನಲ್ಲ, ಗೆರೆಯನ್ನು. ಕಪ್ಪು ಬಿಳುಪು ಸೇರುವ ಅಂಚು ಬೇಕು ಅವಕ್ಕೆ. ಮುಖ ಗುರುತಿಸುತ್ತೇವೆ ಎನ್ನುವ ಈಗಿನ ಕ್ಯಾಮೆರಾಗಳೂ ಕತ್ತಲಲ್ಲಿ ತಡಕಾಡುವುದು ಇದಕ್ಕಾಗಿಯೇ. ಸಾಗರದ ಕಡೆ ದೀವರ ಮನೆಯೊಂದರ ಮದುವೆಗೆ ಹೋದಾಗ ಇದು ನನಗೆ ಮನದಟ್ಟಾಯಿತು. ಮೊಮ್ಮಗಳು ಕ್ಯಾಮೆರಾ ಹಿಡಿದು ಪೇಚಾಡುತ್ತಿದ್ದಳು. ಮಸಿಗೋಡೆಗೆ ತಿರುಗಿಸಿದರೆ ಲೆನ್ಸು ಗರ್ ಗರ್ ಎಂದು ಹಿಂದೆ ಮುಂದೆ ಓಡಿ ಸೋತು ನಿಲ್ಲುತ್ತಿತ್ತು. ಪಕ್ಕದ ಗೋಡೆಯಲ್ಲಿ ಹಸೆ ಚಿತ್ತಾರವಿತ್ತು. ಕೆಮ್ಮಣ್ಣಿನ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ, ಪುಂಡಿ ನಾರಿನ ಕುಂಚದಲ್ಲಿ ಹೆಂಗಸರು ಎಳೆದದ್ದು. ಅದರತ್ತ ತಿರುಗಿಸಿದ್ದೇ ತಡ, ಟಿಕ್ ಎಂದು ಹಿಡಿದುಕೊಂಡಿತು. ಆಮೇಲೆ ತಿಳಿಯಿತು, ಕೆಲವು ಫ್ಲಾಶುಗಳು ಕತ್ತಲಲ್ಲಿ ಕೆಂಪು ಗೆರೆಗಳ ಒಂದು ಚಿತ್ತಾರವನ್ನೇ ಎದುರಿನವರ ಮೇಲೆ ಚೆಲ್ಲುತ್ತವಂತೆ, ಕ್ಯಾಮೆರಾಕ್ಕೆ ಆಸರೆಯಾಗಲೆಂದು.

ಅದಿಲ್ಲದವರೂ ಹೆದರಬೇಕಿಲ್ಲ. ಮುಖದ ಮೇಲೆ ಫೋಕಸ್ ಸಿಗದಿದ್ದರೆ ಅಷ್ಟೇ ದೂರದಲ್ಲಿರುವ ಸೀರೆಯ ಅಂಚನ್ನೋ ಬಾಗಿಲ ಚೌಕಟ್ಟನ್ನೋ ಹಿಡಿದು, ಗುಂಡಿಯನ್ನು ಅರ್ಧ ಒತ್ತಿಟ್ಟುಕೊಂಡೇ ಮುಖಕ್ಕೆ ತಿರುಗಿಸಬಹುದು. ಮೊಬೈಲಿನಲ್ಲಾದರೆ ಪರದೆಯ ಮೇಲೆ ಬೆರಳು ಒತ್ತಿ ಹಿಡಿದರೆ ಬಹುಮಟ್ಟಿಗೆ ಫೋಕಸ್ ಅಲ್ಲೇ ನಿಲ್ಲುತ್ತದೆ. ಎಲ್ಲಕ್ಕಿಂತ ಸುಲಭ, ಯಾರಾದರೂ ಒಬ್ಬರು ಟಾರ್ಚು ಹಿಡಿಯುವುದು.

ಅಮ್ಮಮ್ಮ 1971ರಲ್ಲಿ ಹೋದಳು. ಅವಳ ಬೇರೆ ಫೋಟೋ ನಮ್ಮಲ್ಲಿಲ್ಲ. "ಯನಗೆ ಎಂತಕ್ಕೆ ಮಾರಾಯ್ತಿ" ಎಂದು ಅವಳು ನಗುತ್ತಿದ್ದಳು, ನಾವೂ ಸುಮ್ಮನಾಗುತ್ತಿದ್ದೆವು. ಹೋದ ವರ್ಷ ಮೊಮ್ಮಗಳು ಆ ನಡುಮನೆಯ ಫೋಟೋವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ತೋರಿಸಿದಳು. ಅಜ್ಜಯ್ಯನ ಮುಖ ಸ್ವಲ್ಪ ಮಸುಕು. ನಾನಂತೂ ಕದಲಿಬಿಟ್ಟಿದ್ದೇನೆ. ಅತ್ಯಂತ ಚೂಪಾಗಿ ಬಂದಿರುವುದು ಮುಂಡಿಗೆಯ ಮೇಲಿನ ಒಂದು ಕೆತ್ತನೆಯ ಹೂವು, ಎಸಳು ಎಸಳೂ ಎಣಿಸಬಹುದು. ಕಂದೀಲು ಇದ್ದದ್ದು ಅಲ್ಲೇ. ಬಲಗಡೆಯ ತುದಿಯಲ್ಲಿ ನೆಲದ ಹತ್ತಿರ ಬೆಳ್ಳಗೆ ಏನೋ ಒಂದು ಕಲೆ. ಇಷ್ಟು ವರ್ಷ ಅದನ್ನು ಹಾಳೆಯ ದೋಷವೆಂದೇ ತಿಳಿದಿದ್ದೆವು. ದೊಡ್ಡದು ಮಾಡಿದರೆ ಸೀರೆಯ ನೆರಿಗೆ. ಅವಳು ಪೂರ್ತಿ ಸರಿದಿರಲಿಲ್ಲ.

ಈ ಮಳೆಗಾಲದಲ್ಲಿ ಒಂದು ರಾತ್ರಿ ಕರೆಂಟು ಹೋಗಿತ್ತು. ಅತ್ತಿಗೆ ಒಲೆಯ ಮುಂದೆ ಕೂತು ಹಪ್ಪಳ ಸುಡುತ್ತಿದ್ದರು. ಮೊಮ್ಮಗಳಿಗೆ ಆ ಚಿತ್ರ ಬೇಕೆನಿಸಿತು, ಕ್ಯಾಮೆರಾ ಯಥಾಪ್ರಕಾರ ಗರ್ ಗರ್ ಎಂದಿತು. ನಾನು ಟಾರ್ಚು ತಂದು ಅತ್ತಿಗೆಯ ಬಳೆಗಳ ಮೇಲೆ ಬಿಟ್ಟೆ.

"ಸಿಕ್ತು ಅಜ್ಜಿ, ಟಾರ್ಚ್ ಆರಿಸು" ಎಂದಳು. ಆರಿಸಿ ಪಕ್ಕಕ್ಕೆ ಹೊರಟೆ.

"ನೀನು ಎಲ್ಲಿಗೆ? ಅಲ್ಲೇ ನಿಲ್ಲು."

ನಿಂತೆ.