ತೀರ್ಮಾನ ಯಾರದು? ಕೋಲಾರ ಸೀಮೆಯ ಮಹಿಳಾ ಸಂಘಗಳ ಚರಿತ್ರೆ

1991ರ ಡಿಸೆಂಬರ್ 9ರಂದು ವೈಶ್ಯ ಬ್ಯಾಂಕಿನ ಬಂಗಾರಪೇಟೆ ಶಾಖೆಯು ಮುದುಗುಳಿ ಗ್ರಾಮದ ವೆಂಕಟೇಶ್ವರ ಮಹಿಳಾ ಸಂಘಕ್ಕೆ ಸಾಲ ಕೊಟ್ಟಿತು. 1992ರ ಜನವರಿ 30ರಂದು ಕಾರ್ಪೊರೇಷನ್ ಬ್ಯಾಂಕಿನ ಆಂಡರ್ಸನ್‌ಪೇಟೆ ಶಾಖೆ ಬೋಡಗುರ್ಕಿಯ ಸರಸ್ವತಿ ಮಹಿಳಾ ಸಂಘಕ್ಕೆ ಸಾಲ ಕೊಟ್ಟಿತು. ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸ ದೇಶದಲ್ಲಿ ಮೊದಲುಗೊಂಡದ್ದು ಹೀಗೆ, ಕೋಲಾರ ಜಿಲ್ಲೆಯ ಎರಡು ಹಳ್ಳಿಗಳಲ್ಲಿ. ಹದಿನೆಂಟು ವರ್ಷ ತುಂಬುವುದರೊಳಗೆ, 2009ರಲ್ಲಿ, ಇದೇ ಜಿಲ್ಲೆಯ ಕೇಂದ್ರದಲ್ಲಿ ಮೈಕ್ರೋಫೈನಾನ್ಸ್ ಕಂಪನಿಗಳಿಂದ ಗುಂಪು ಸಾಲ ಪಡೆದಿದ್ದ ಹೆಂಗಸರು ಕಂತು ಕಟ್ಟುವುದನ್ನೇ ನಿಲ್ಲಿಸಿದರು. ಮೊದಲ ಘಟನೆಯನ್ನು ಯಶಸ್ಸಿನ ಕಥೆಯಾಗಿಯೂ ಎರಡನೆಯದನ್ನು ಶಿಸ್ತು ತಪ್ಪಿದ ಕಥೆಯಾಗಿಯೂ ಹೇಳುವುದು ರೂಢಿಯಾಗಿದೆ. ಆದರೆ ಎರಡೂ ಕಡೆ ಇದ್ದವರು ಬಡ ಹೆಂಗಸರು, ಎರಡೂ ಕಡೆ ಇದ್ದದ್ದು ಗುಂಪು, ಎರಡೂ ಕಡೆ ಆಸ್ತಿಯ ಅಡಮಾನವಿಲ್ಲದ ಸಾಲ. ಯಾರು ಸದಸ್ಯರಾಗಬೇಕು, ಹಣ ಯಾತಕ್ಕೆ ಹೋಗಬೇಕು, ಕಷ್ಟ ಬಂದಾಗ ಕಂತನ್ನು ಯಾರು ಮುಂದೂಡಬೇಕು ಎಂಬ ಮೂರು ತೀರ್ಮಾನಗಳು ಒಂದು ಕಡೆ ಸಂಘದ ಕೈಯಲ್ಲಿದ್ದವು, ಇನ್ನೊಂದು ಕಡೆ ಇರಲಿಲ್ಲ. ಜನರ ಪಾಲ್ಗೊಳ್ಳುವಿಕೆ ಎಂದು ನಾವು ಕರೆಯುವುದರ ತಿರುಳು ಈ ಮೂರು ತೀರ್ಮಾನಗಳಲ್ಲೇ ಇದೆ ಎಂಬುದು ಈ ಲೇಖನದ ವಾದ.

ಕೋಲಾರ ತಾಲ್ಲೂಕಿನ ಹೋಳೂರು ಹೋಬಳಿಯಾಗಲಿ, ಅಕ್ಕಪಕ್ಕದ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಾಗಲಿ, ವರ್ಷವಿಡೀ ಹರಿಯುವ ನದಿಯನ್ನು ಕಂಡ ನೆಲವಲ್ಲ. ಕೆರೆಗಳನ್ನು ನಂಬಿದ್ದ ಬೇಸಾಯ ಕೊಳವೆಬಾವಿಗೆ ತಿರುಗಿತು, ಕೊಳವೆಬಾವಿ ಬತ್ತಿದಂತೆ ಸಾಲ ಏರಿತು. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಯವರ ಪಾಲು ಶೇ 30ಕ್ಕೂ ಹೆಚ್ಚು, ರಾಜ್ಯದ ಜಿಲ್ಲೆಗಳಲ್ಲೆಲ್ಲ ಅತ್ಯಧಿಕ. ಕೆರೆಯ ತೂಬು ಕಾದು ಗದ್ದೆಗದ್ದೆಗೆ ನೀರು ಬಿಡುತ್ತಿದ್ದ ನೀರುಗಂಟಿಗಳು ಬಹುಪಾಲು ದಲಿತರು. ಆದರೆ ಆ ನೀರು ಹರಿದ ಅಚ್ಚುಕಟ್ಟಿನ ಒಡೆತನ ಅವರದಾಗಿರಲಿಲ್ಲ. ಇಂಥ ಊರಿನಲ್ಲಿ ‘ಗ್ರಾಮಸ್ಥರೆಲ್ಲರ ಸಭೆ’ ಎಂದು ಕರೆದರೆ ಮಾತು ಯಾರದಾಗಿರುತ್ತದೆ ಎಂಬುದು ಊರಿಗೆಲ್ಲ ಗೊತ್ತಿದ್ದ ವಿಷಯ. ಸರ್ಕಾರಿ ಸಾಲದಲ್ಲೂ ಹಾಗೆಯೇ: 1980ರ ಅಕ್ಟೋಬರ್ 2ರಿಂದ ದೇಶದ ಎಲ್ಲ ಬ್ಲಾಕುಗಳಿಗೂ ವಿಸ್ತರಿಸಿದ ಸಮಗ್ರ ಗ್ರಾಮೀಣಾಭಿವೃದ್ಧಿ ಕಾರ್ಯಕ್ರಮದಲ್ಲಿ ಫಲಾನುಭವಿಯನ್ನು ಆರಿಸುವವರು ಬೇರೆ, ಹಸುವೋ ಕುರಿಯೋ ಎಂದು ನಿರ್ಧರಿಸುವವರು ಬೇರೆ, ಸಾಲ ತೀರಿಸಬೇಕಾದವರು ಮಾತ್ರ ಬಡವರು.

ಟಿಬೆಟನ್ ನಿರಾಶ್ರಿತರ ಪುನರ್ವಸತಿಗಾಗಿ 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆ ಆಮೇಲೆ ಬಡ ರೈತರ, ಕೂಲಿಕಾರರ ನಡುವೆ ಕೆಲಸಕ್ಕಿಳಿಯಿತು. ಕೋಲಾರ ಜಿಲ್ಲೆಯಲ್ಲಿ ಅದರ ನೆಲೆ ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರ. ಮೊದಮೊದಲು ಅದು ಕಟ್ಟಿದ್ದೂ ದೊಡ್ಡ ಸಹಕಾರ ಸಂಘಗಳನ್ನೇ. 1984–85ರ ಹೊತ್ತಿಗೆ ಅವು ಒಡೆಯತೊಡಗಿದವು. ಸಂಸ್ಥೆಯ ನಿರ್ದೇಶಕರಾಗಿದ್ದ ಅಲೋಶಿಯಸ್ ಫರ್ನಾಂಡಿಸ್ ದಾಖಲಿಸಿರುವಂತೆ, ಸಾಲ ಪಡೆದ ಸದಸ್ಯರು ಮೈರಾಡದ ಬಳಿಗೆ ಬಂದು, ಹಣವನ್ನು ನಿಮಗೆ ಕಟ್ಟುತ್ತೇವೆ, ಸಹಕಾರ ಸಂಘಕ್ಕೆ ಕಟ್ಟುವುದಿಲ್ಲ ಎಂದರು. ಅಲ್ಲಿ ಒಬ್ಬಿಬ್ಬರದೇ ಕಾರುಬಾರು ಎಂಬುದು ಅವರ ದೂರು. ಹಾಗಾದರೆ ನೀವು ನೀವೇ ಸೇರಿದ ಚಿಕ್ಕ ಗುಂಪಿಗೆ ಕಟ್ಟಿಕೊಳ್ಳಿ ಎಂದು ಸಂಸ್ಥೆ ಹೇಳಿತು. ಹದಿನೈದು ಇಪ್ಪತ್ತು ಜನರ, ಪರಸ್ಪರ ನಂಬಿಕೆಯ ಗುಂಪುಗಳು ಹುಟ್ಟಿದ್ದು ಈ ಒಡಕಿನಲ್ಲಿ. 1986–87ರ ವೇಳೆಗೆ ಮೈರಾಡದ ಯೋಜನಾ ಪ್ರದೇಶಗಳಲ್ಲಿ ಇಂಥ ಗುಂಪುಗಳು ಸುಮಾರು 300 ಆಗಿದ್ದವು.

ಇದು ಸಂಸ್ಥೆಯೇ ಬರೆದುಕೊಂಡ ಚರಿತ್ರೆಯಲ್ಲವೇ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ತನ್ನ ಹುಟ್ಟಿನ ಕಥೆಯನ್ನು ಯಾವ ಸಂಸ್ಥೆಯೂ ತನಗೆ ಕುಂದು ಬರುವಂತೆ ಹೇಳಿಕೊಳ್ಳುವುದಿಲ್ಲ. ಆದರೆ ಈ ಕಥೆಯ ನಡುವೆ ಇರುವುದು ಸಂಸ್ಥೆಯ ಸೋಲು: ತಾನೇ ಕಟ್ಟಿದ ಸಹಕಾರ ಸಂಘಗಳನ್ನು ಜನ ತೊರೆದರು ಎಂಬ ಒಪ್ಪಿಗೆ. ಹೊರಗಿನವರ ಕೈವಾಡವಿಲ್ಲದೆ ಸಂಘಗಳು ತಾವಾಗಿಯೇ ಮೊಳೆತವು ಎಂದು ನಾನೂ ಹೇಳುತ್ತಿಲ್ಲ. ಸಂಸ್ಥೆಯ ಕಾರ್ಯಕರ್ತರಿದ್ದರು, ತರಬೇತಿ ಇತ್ತು, ಹಣ ಇತ್ತು. ಆ ಹಣವಿದ್ದವರು ತಮ್ಮ ನಕ್ಷೆಯನ್ನು ಬದಿಗಿಟ್ಟು ಜನ ಕಟ್ಟಿಕೊಂಡ ಆಕಾರಕ್ಕೆ ಒಪ್ಪಿದರು ಎಂಬುದೇ ಚರಿತ್ರೆಯ ದೃಷ್ಟಿಯಿಂದ ಮುಖ್ಯ.

ಮುಂದೆ ಬ್ಯಾಂಕುಗಳೂ ಹಾಗೆ ಒಪ್ಪಬೇಕಾಯಿತು. ಈ ಗುಂಪುಗಳ ಉಳಿತಾಯಕ್ಕೆ ಸಮನಾದ ಹಣ ಸೇರಿಸಲು ಕೃಷಿ, ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ 1987ರಲ್ಲಿ ಮೈರಾಡಕ್ಕೆ 10 ಲಕ್ಷ ರೂಪಾಯಿ ನೀಡಿತು. ಬ್ಯಾಂಕುಗಳು ಇಂಥ ಸಂಘಗಳಿಗೆ ನೇರವಾಗಿ ಸಾಲ ಕೊಡಬಹುದೆಂದು ರಿಸರ್ವ್ ಬ್ಯಾಂಕ್ 1991ರ ಜುಲೈನಲ್ಲಿ ಸುತ್ತೋಲೆ ಹೊರಡಿಸಿತು. ಮರುವರ್ಷ ನಬಾರ್ಡ್ 500 ಸಂಘಗಳ ಪ್ರಯೋಗ ಯೋಜನೆಯನ್ನು ಪ್ರಕಟಿಸಿತು. ಇಲ್ಲಿ ಸಂಖ್ಯೆಗಿಂತ ಷರತ್ತುಗಳನ್ನು ನಿಧಾನವಾಗಿ ನೋಡಬೇಕು. ನೋಂದಣಿಯಾಗದ ಸಂಘಕ್ಕೂ ಸಾಲ ಸಿಗುವಂತಾಯಿತು. ಆಸ್ತಿಯ ಅಡಮಾನ ಬೇಡವೆಂದಾಯಿತು, ಸಂಘದ ಉಳಿತಾಯ ಮತ್ತು ಅದು ನಡೆದುಬಂದ ರೀತಿಯೇ ಭದ್ರತೆಯಾಯಿತು. ಇವೆರಡಕ್ಕಿಂತ ಮಿಗಿಲಾದದ್ದು ಮೂರನೆಯದು: ಬ್ಯಾಂಕು ಒಂದೇ ಮೊತ್ತವನ್ನು ಸಂಘಕ್ಕೆ ಕೊಡುತ್ತದೆ, ಅದರಲ್ಲಿ ಯಾರಿಗೆ ಎಷ್ಟು, ಯಾತಕ್ಕೆ ಎಂಬುದನ್ನು ಸಂಘ ತೀರ್ಮಾನಿಸುತ್ತದೆ. ಹಸು ಕೊಳ್ಳಲಿಕ್ಕೋ, ಮಗಳ ಬಾಣಂತನಕ್ಕೋ, ಬಡ್ಡಿ ವ್ಯಾಪಾರಿಯ ಹಳೆ ಸಾಲ ತೀರಿಸಲಿಕ್ಕೋ ಎಂದು ವ್ಯವಸ್ಥಾಪಕ ಕೇಳುವಂತಿಲ್ಲ. ಬಡವರಿಗೆ ಸಾಲ ಬೇಕಾಗುವುದು ‘ಉತ್ಪಾದಕ’ ಕೆಲಸಕ್ಕೆ ಮಾತ್ರ ಎಂಬ ಅಧಿಕಾರಿಗಳ ನಂಬಿಕೆಯನ್ನು ಈ ಒಂದು ಷರತ್ತು ಮುರಿಯಿತು. ಕೈಬದಲು ಸಾಲಕ್ಕೆ ನೂರಕ್ಕೆ ತಿಂಗಳಿಗೆ ಐದು, ಹತ್ತು ರೂಪಾಯಿ ಬಡ್ಡಿ ಕೊಟ್ಟು ಹೈರಾಣಾಗಿದ್ದವರಿಗೆ ಬಾಣಂತನದ ಸಾಲವೇ ಜಮೀನು ಉಳಿಸಿಕೊಳ್ಳುವ ದಾರಿ ಎಂಬುದು ಸಂಘದಲ್ಲಿ ಕುಳಿತ ಪ್ರತಿ ಹೆಂಗಸಿಗೂ ಗೊತ್ತಿತ್ತು. ಸಂಘ ತನ್ನ ಸದಸ್ಯರಿಂದ ಎರಡು ರೂಪಾಯಿ ಬಡ್ಡಿ ತೆಗೆದುಕೊಂಡರೂ ಆ ಬಡ್ಡಿ ಉಳಿಯುತ್ತಿದ್ದದ್ದು ಸಂಘದಲ್ಲೇ.

ಕಂತಿನ ಸಂಗತಿ ಇನ್ನೂ ಸೂಕ್ಷ್ಮ. ಈ ಸೀಮೆಯ ಮನೆಗಳಿಗೆ ಹಣ ಬರುವ ಹೊತ್ತುಗಳು ಬೇರೆ ಬೇರೆ. ಡೈರಿಗೆ ಹಾಲು ಹಾಕುವವರಿಗೆ ಬಟವಾಡೆ ಹದಿನೈದು ದಿನಕ್ಕೊಮ್ಮೆ. ರೇಷ್ಮೆಹುಳು ಮೇಯಿಸಿ ಗೂಡು ಮಾರುಕಟ್ಟೆ ಮುಟ್ಟುವುದಕ್ಕೆ ಹೆಚ್ಚುಕಮ್ಮಿ ಒಂದು ತಿಂಗಳು, ಹುಳುವಿಗೆ ರೋಗ ಬಂದರೆ ಆ ತಿಂಗಳೂ ಹೋಯಿತು. ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ಕೂಲಿ ಸಿಗುವುದು ಕೊಯ್ಲಿನ ಕೆಲವೇ ತಿಂಗಳು. ಟೊಮೆಟೊ ಬೆಲೆಯ ಮೇಲೆ ಯಾರೂ ಆಣೆ ಇಡಲಾರರು. ವಾರವಾರ ಸೇರುವ ಸಂಘಕ್ಕೆ ಇದೆಲ್ಲ ಬಿಡಿಸಿ ಹೇಳಬೇಕಾಗಿರಲಿಲ್ಲ. ಯಾರ ಮನೆಯ ಹುಳು ಸುಣ್ಣಕಟ್ಟಿ ಸತ್ತಿದೆ, ಯಾರು ಹಣವಿದ್ದೂ ಸತಾಯಿಸುತ್ತಿದ್ದಾರೆ ಎಂಬುದು ಅಲ್ಲಿದ್ದವರಿಗೆ ಕಣ್ಣಾರೆ ಗೊತ್ತು. ಮೊದಲನೆಯವಳಿಗೆ ಗಡುವು, ಎರಡನೆಯವಳಿಗೆ ದಂಡ. ಮಾತು ತೆಲುಗಿನಲ್ಲಿ ನಡೆದರೂ ನಡಾವಳಿ ಕನ್ನಡದಲ್ಲಿ ಬರೆದು, ಓದಿ ಹೇಳಿ, ಕೆಳಗೆ ಹೆಬ್ಬೆಟ್ಟು ಒತ್ತಿಸಿದ ಆ ಪುಸ್ತಕಗಳು ನನ್ನ ದೃಷ್ಟಿಯಲ್ಲಿ ಈ ಜಿಲ್ಲೆಯ ಸಾಮಾಜಿಕ ಚರಿತ್ರೆಯ ಅಮೂಲ್ಯ ಆಕರಗಳು.

2000ದ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಸ್ತ್ರೀಶಕ್ತಿ ಯೋಜನೆ ತಂದಿತು. ಅಂಗನವಾಡಿ ಕಾರ್ಯಕರ್ತೆಯರ ಮೂಲಕ ಊರೂರಿನಲ್ಲೂ ಸಂಘಗಳು ಎದ್ದವು. ಸಂಘವೆಂಬುದು ಸ್ವಯಂಸೇವಾ ಸಂಸ್ಥೆ ತಲುಪಿದ ಹಳ್ಳಿಗಳನ್ನು ದಾಟಿ ಎಲ್ಲ ಕಡೆಗೂ ಹೋಯಿತು ಎಂಬುದು ದೊಡ್ಡ ಲಾಭ, ಅದನ್ನು ಕಡೆಗಣಿಸುವುದು ತಪ್ಪು. ಆದರೆ ಗುರಿಯ ಲೆಕ್ಕ ಬಂದಲ್ಲಿ ಸಂಘ ಕಟ್ಟುವ ನಿಧಾನ ಹೋಗುತ್ತದೆ. ಪರಸ್ಪರ ನಂಬಿಕೆಯಿಂದ ಸೇರಿದ ಹದಿನೈದು ಜನರಿಗೂ ಸಬ್ಸಿಡಿಯ ಮಾತು ಕೇಳಿ ಸೇರಿದ ಹದಿನೈದು ಜನರಿಗೂ ಸರ್ಕಾರದ ಪಟ್ಟಿಯಲ್ಲಿ ಒಂದೇ ಬೆಲೆ.

ಅದೇ ದಶಕದಲ್ಲಿ ಮೈಕ್ರೋಫೈನಾನ್ಸ್ ಕಂಪನಿಗಳು ಪಟ್ಟಣಗಳಿಗೆ ಬಂದವು. ಅವರು ಕಟ್ಟಿದ ಗುಂಪು ಸಂಘದ ಹೊರರೂಪವನ್ನು ಎರವಲು ತಂದಿತು, ಒಳಗಿನ ಅಧಿಕಾರವನ್ನಲ್ಲ. ಸಾಲದ ಮೊತ್ತ ಕಂಪನಿಯದು, ವಾರದ ಕಂತು ಕಂಪನಿಯದು, ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕೆಂಬ ನಿಯಮವೂ ಕಂಪನಿಯದೇ. ಗುಂಪಿಗೆ ಉಳಿದದ್ದು ವಸೂಲಿಯ ಹೊಣೆ. ಒಂದೊಂದು ಮನೆಗೆ ಮೂರು ನಾಲ್ಕು ಕಂಪನಿಗಳ ಸಾಲ ಸೇರಿತು. 2009ರಲ್ಲಿ ರೇಷ್ಮೆಯ ನಂಟಿದ್ದ ಕೋಲಾರ, ಶಿಡ್ಲಘಟ್ಟ, ರಾಮನಗರಗಳಲ್ಲೂ ಮೈಸೂರಿನಲ್ಲೂ ಮರುಪಾವತಿ ಕುಸಿಯಿತು. ಕೋಲಾರದಲ್ಲಿ ಮುಸ್ಲಿಮರ ಸಮುದಾಯ ಸಂಸ್ಥೆಯಾದ ಅಂಜುಮನ್ ಸಮಿತಿಯೇ ಈ ಕಂಪನಿಗಳೊಂದಿಗಿನ ವ್ಯವಹಾರ ಬೇಡವೆಂದು ಮುಸ್ಲಿಂ ಕುಟುಂಬಗಳಿಗೆ ಹೇಳಿತು. ಇದನ್ನು ಧಾರ್ಮಿಕ ಕಟ್ಟಳೆ ಎಂದಷ್ಟೇ ಓದಿದವರಿದ್ದಾರೆ. ಹಾಗೆ ಓದಿದರೆ ಒಂದು ಪ್ರಶ್ನೆ ಉಳಿದುಬಿಡುತ್ತದೆ: ಅಷ್ಟು ವರ್ಷ ತಪ್ಪದೆ ಕಂತು ಕಟ್ಟಿದ ಹೆಂಗಸರಿಗೆ, ಇನ್ನು ಆಗುವುದಿಲ್ಲ ಎಂದು ಹೇಳಲು ಸಾಲದ ಗುಂಪಿನೊಳಗೆ ಒಂದು ಜಾಗ ಯಾಕಿರಲಿಲ್ಲ? ಗಡುವು ಕೇಳುವ ದಾರಿ ಗುಂಪಿನಲ್ಲೇ ಇದ್ದಿದ್ದರೆ ಆ ಮಾತು ಸಮುದಾಯದ ಮುಖಂಡರ ಬಾಯಿಂದ ಬರಬೇಕಾಗುತ್ತಿರಲಿಲ್ಲ. ಮುಂದಿನ ವರ್ಷ ಗಡಿಯಾಚೆಯ ಆಂಧ್ರದಲ್ಲಿ ಬಿಕ್ಕಟ್ಟು ಉಲ್ಬಣಿಸಿ ಅಲ್ಲಿನ ಸರ್ಕಾರ ಅಕ್ಟೋಬರ್‌ನಲ್ಲಿ ಸುಗ್ರೀವಾಜ್ಞೆ ತಂದಿತು. ಕೋಲಾರ ಒಂದು ವರ್ಷ ಮೊದಲೇ ಎಚ್ಚರಿಸಿತ್ತು.

ಈ ವಾದಕ್ಕೆ ಗಟ್ಟಿಯಾದ ಆಕ್ಷೇಪಣೆ ಜಾತಿಯ ಕಡೆಯಿಂದ ಬರುತ್ತದೆ. ನಂಬಿಕೆಯಿದ್ದವರು ಸೇರಿದ ಗುಂಪು ಎಂದರೆ ಹಳ್ಳಿಯಲ್ಲಿ ಬಹುಮಟ್ಟಿಗೆ ಒಂದೇ ಕೇರಿಯ ಗುಂಪು. ಸದಸ್ಯರನ್ನು ಆರಿಸುವ ಹಕ್ಕು ಬೇಡದವರನ್ನು ಹೊರಗಿಡುವ ಹಕ್ಕೂ ಹೌದು, ವಾರದ ಉಳಿತಾಯ ಕಟ್ಟಲಾಗದ ತೀರ ಬಡವಳು ಹೊರಗೇ ಉಳಿಯುತ್ತಾಳೆ. ಇದು ನಿಜ. 1989ರ ನಂತರ ಮೈರಾಡದಂಥ ಸಂಸ್ಥೆಗಳು, ಆಗ ಭಾರತದಲ್ಲಿದ್ದ ಗ್ರಾಮಾಭಿವೃದ್ಧಿ ವಿದ್ವಾಂಸ ರಾಬರ್ಟ್ ಚೇಂಬರ್ಸ್ ಮೊದಲಾದವರ ಒಡನಾಟದಲ್ಲಿ, ಊರಿನವರಿಂದಲೇ ನೆಲದ ಮೇಲೆ ರಂಗೋಲಿ ಪುಡಿಯಿಂದ ಊರಿನ ನಕ್ಷೆ ಬರೆಸಿ, ಯಾವ ಮನೆ ಬಡದು ಎಂದು ಅವರಿಂದಲೇ ಗುರುತು ಮಾಡಿಸಿದ್ದು ಈ ಕೊರತೆಗೆ ಒಂದು ಮಟ್ಟಿನ ಉತ್ತರ. ಪೂರ್ತಿ ಉತ್ತರವಲ್ಲ, ಏಕೆಂದರೆ ನಕ್ಷೆ ಬರೆಯುವಾಗಲೂ ಪುಡಿ ಯಾರ ಕೈಯಲ್ಲಿದೆ ಎಂದು ಕೇಳಲೇಬೇಕು. ಆದರೂ ಪರ್ಯಾಯವನ್ನು ನೋಡಿ. ವಿಶ್ವಬ್ಯಾಂಕ್ ನೆರವಿನಿಂದ 2002ರಲ್ಲಿ ಆರಂಭವಾದ ಸಮುದಾಯ ಆಧಾರಿತ ಕೆರೆ ಅಭಿವೃದ್ಧಿ ಯೋಜನೆ ಕೋಲಾರಕ್ಕೂ ಬಂತು. ಅದು ಅಚ್ಚುಕಟ್ಟುದಾರ, ಭೂಹೀನ, ಮೀನುಗಾರ, ಹೆಂಗಸರು ಎಲ್ಲರನ್ನೂ ಕೆರೆಗೊಂದರಂತೆ ಒಂದೇ ಬಳಕೆದಾರರ ಸಂಘಕ್ಕೆ ಸೇರಿಸಲು ಹೊರಟಿತು. ಕಾಗದದ ಮೇಲೆ ಅದು ಹೆಚ್ಚು ಸಮಾನವಾದ ರಚನೆ. ಆದರೆ ಜಮೀನಿದ್ದವನ ಎದುರು ಅವನದೇ ಹೊಲದ ಕೂಲಿಯವಳು ಮಾತಾಡಬೇಕಾದ ಸಭೆಯಲ್ಲಿ ಸ್ಥಾನ ಮೀಸಲಿಟ್ಟರೂ ದನಿ ತಾನಾಗಿ ಬರುವುದಿಲ್ಲ. ಕೇರಿಯ ಚಿಕ್ಕ ಸಂಘದಲ್ಲಿ ಲೆಕ್ಕ ಕೇಳಿ, ದಂಡ ಹಾಕಿ, ಬ್ಯಾಂಕಿನ ಮೆಟ್ಟಿಲು ಹತ್ತಿ ಬಂದವಳು ಆ ದೊಡ್ಡ ಸಭೆಗೆ ಹೋದರೆ ಮಾತು ಬೇರೆ. ಚಿಕ್ಕ ಸಂಘ ಮೊದಲು, ದೊಡ್ಡ ಸಭೆ ಆಮೇಲೆ ಎಂಬ ಕ್ರಮವನ್ನು ಯೋಜನೆಗಳು ತಲೆಕೆಳಗು ಮಾಡಿದವು.

ಸಾಲ ಉಳಿತಾಯದ ಸಂಘ ಜಮೀನಿನ ಪ್ರಶ್ನೆಯನ್ನು, ಕೂಲಿಯ ಪ್ರಶ್ನೆಯನ್ನು ಮುಟ್ಟುವುದಿಲ್ಲ ಎಂಬುದು ಇನ್ನೊಂದು ಆಕ್ಷೇಪಣೆ. ಅದನ್ನು ನಾನು ಬಹುಪಾಲು ಒಪ್ಪುತ್ತೇನೆ. ಆಗಿನ್ನೂ ಕೋಲಾರ ಜಿಲ್ಲೆಯಲ್ಲೇ ಇದ್ದ ಬಾಗೇಪಲ್ಲಿಯಲ್ಲಿ 1977ರಿಂದ ಕಟ್ಟಿದ ಕೂಲಿ ಸಂಘ, ಎಪ್ಪತ್ತರ ದಶಕದಿಂದ ಈ ಸೀಮೆಯಲ್ಲಿ ಬಲಗೊಂಡ ದಲಿತ ಸಂಘರ್ಷ ಸಮಿತಿ, ಇವು ಆ ಪ್ರಶ್ನೆಗಳನ್ನು ಎತ್ತಿದವು. ಸಂಘಗಳ ಚರಿತ್ರೆಯನ್ನು ಅವುಗಳ ಜೊತೆಗಿಟ್ಟೇ ಓದಬೇಕು. ಆದರೆ ಬಡ್ಡಿ ವ್ಯಾಪಾರಿಯ ಮುಂದೆ ತಲೆತಗ್ಗಿಸಿ ನಿಲ್ಲುವ ಮನೆ ಕೂಲಿ ಹೆಚ್ಚಿಸೆಂದು ಕೇಳಲು ಹೆದರುತ್ತದೆ, ಏಕೆಂದರೆ ಎಷ್ಟೋ ಹಳ್ಳಿಗಳಲ್ಲಿ ಸಾಲ ಕೊಡುವವನೂ ಕೆಲಸ ಕೊಡುವವನೂ ಒಬ್ಬನೇ ಆಗಿದ್ದ.

2025ರಲ್ಲಿ ರಾಜ್ಯ ಸರ್ಕಾರ ಕಿರುಸಾಲದ ಬಲವಂತದ ವಸೂಲಿ ತಡೆಯಲು ಮೊದಲು ಸುಗ್ರೀವಾಜ್ಞೆಯನ್ನೂ ಬಳಿಕ ಕಾಯ್ದೆಯನ್ನೂ ತಂದಿತು. ತಪ್ಪಿತಸ್ಥರಿಗೆ ಹತ್ತು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಮನೆಬಾಗಿಲಲ್ಲಿ ನಿಂತು ಅವಮಾನಿಸುವವರಿಂದ ಹೆಂಗಸರನ್ನು ಕಾಪಾಡಲು ಅಂಥ ಕಾಯ್ದೆ ಬೇಕೇ ಬೇಕಿತ್ತು. ಆದರೆ ಅದು ಸಾಲಗಾರ್ತಿಯನ್ನು ದೂರುದಾರಳಾಗಿ ಕಾಣುತ್ತದೆ, 1991ರ ಷರತ್ತುಗಳು ಆಕೆಯನ್ನು ತೀರ್ಮಾನಿಸುವವಳಾಗಿ ಕಂಡಿದ್ದವು. ಹೋಳೂರು ಹೋಬಳಿಯ ಸಂಘವೊಂದನ್ನು ಇಂದು ಅಳೆಯಬೇಕಾದರೆ ಬ್ಯಾಂಕು ತೋರಿಸುವ ಮರುಪಾವತಿಯ ಶೇಕಡಾವಾರು ಸಾಲದು. ಕಳೆದ ವರ್ಷದ ನಡಾವಳಿಯಲ್ಲಿ ಒಂದು ಸಾಲವನ್ನಾದರೂ ಸಂಘವೇ ನಿರಾಕರಿಸಿದೆಯೇ, ಒಬ್ಬ ಸದಸ್ಯೆಗಾದರೂ ಗಡುವು ಕೊಟ್ಟಿದೆಯೇ, ಕೇರಿಯ ಹೊರಗಿನ ಒಬ್ಬಳನ್ನಾದರೂ ಸೇರಿಸಿಕೊಂಡಿದೆಯೇ ಎಂದು ಪುಟ ತಿರುವಿ ನೋಡಬೇಕು.