ಐಸ್‌ಲೆಂಡಿನ ಫುಟ್‌ಬಾಲ್: ಒಂದು ವ್ಯವಸ್ಥೆ ಬೆಳೆದ ಬಗೆ

1912ರಲ್ಲಿ ಐಸ್‌ಲೆಂಡಿನ ಮೊದಲ ರಾಷ್ಟ್ರೀಯ ಫುಟ್‌ಬಾಲ್ ಪಂದ್ಯಾವಳಿ ನಡೆದಾಗ ಅದರಲ್ಲಿ ಸೇರಿದ ತಂಡಗಳು ಮೂರೇ: ರಾಜಧಾನಿ ರೇಕ್ಯಾವಿಕ್‌ನವು ಎರಡು, ವೆಸ್ಟ್‌ಮನ್ ದ್ವೀಪಗಳ ಮೀನುಗಾರರ ಊರಿನದೊಂದು. ಡೆನ್ಮಾರ್ಕಿನ ಅರಸೊತ್ತಿಗೆಯಿಂದ ಬಿಡಿಸಿಕೊಂಡು 1944ರಲ್ಲಿ ಗಣರಾಜ್ಯವಾದ ಈ ನಾಡು, ಎರಡು ವರ್ಷಗಳ ತರುವಾಯ ತನ್ನ ಪ್ರಥಮ ಅಂತರರಾಷ್ಟ್ರೀಯ ಪಂದ್ಯವನ್ನು ಅದೇ ಡೆನ್ಮಾರ್ಕಿನ ಎದುರಿಗೆ ಆಡಿ 0-3ರಿಂದ ಸೋತಿತು. 1947ರಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಸಂಸ್ಥೆ ಸ್ಥಾಪಿತವಾಯಿತಾದರೂ, ಮತ್ತೆ ಇಪ್ಪತ್ತು ವರ್ಷ ಕಳೆದ ಮೇಲೂ ಕೋಪನ್‌ಹೇಗನ್‌ನಲ್ಲಿ 14-2ರ ಪರಾಭವವನ್ನು ಅನುಭವಿಸಬೇಕಾಯಿತು. ಇಂದಿಗೂ ನಾಲ್ಕು ಲಕ್ಷದ ಆಸುಪಾಸಿನಲ್ಲಿರುವ ಜನಸಂಖ್ಯೆಯ ದೇಶವೊಂದು, ವೃತ್ತಿಪರ ಆಟಗಾರರ ಸಂಬಳವನ್ನು ಹೊರಬಲ್ಲ ಪ್ರೇಕ್ಷಕವರ್ಗವಾಗಲಿ ಜಾಹೀರಾತಿನ ಪೇಟೆಯಾಗಲಿ ತನ್ನಲ್ಲಿಲ್ಲವೆಂಬುದನ್ನು ಒಪ್ಪಿಕೊಂಡು, ಆ ಒಪ್ಪಿಗೆಯ ಮೇಲೆಯೇ ತನ್ನ ಆಟದ ವ್ಯವಸ್ಥೆಯನ್ನು ಕಟ್ಟಿದುದು ನನ್ನ ಮಟ್ಟಿಗೆ ಈ ಚರಿತ್ರೆಯ ಅತ್ಯಂತ ಗಮನಾರ್ಹವಾದ ಅಂಶ.

ಮೊದಲ ಹಂತದಲ್ಲಿದ್ದುದನ್ನು ವ್ಯವಸ್ಥೆಯೆಂದು ಕರೆಯಲೂ ಬಾರದು. ಪ್ರತಿಭೆ ಎಲ್ಲೋ ತಾನಾಗಿ ಮೂಡುತ್ತಿತ್ತು, ಮೂಡಿದೊಡನೆ ಕಡಲು ದಾಟುತ್ತಿತ್ತು. ನಲವತ್ತರ ದಶಕದಲ್ಲಿ ಆಲ್ಬರ್ಟ್ ಗುದ್ಮುಂಡ್ಸನ್ ಅವರು ಆರ್ಸೆನಲ್, ಮಿಲಾನ್ ತಂಡಗಳಲ್ಲಿ ಆಡಿ ದೇಶದ ಪ್ರಥಮ ವೃತ್ತಿಪರ ಆಟಗಾರರೆನಿಸಿ, ಮರಳಿ ಬಂದು ರಾಜಕಾರಣಕ್ಕಿಳಿದು ಹಣಕಾಸು ಮಂತ್ರಿಯೂ ಆದರು. ವೆಸ್ಟ್‌ಮನ್ ದ್ವೀಪದ ಆಸ್ಗೇರ್ ಸಿಗುರ್ವಿನ್ಸನ್ ಅವರು 1984ರಲ್ಲಿ ಜರ್ಮನಿಯ ಲೀಗ್ ಪ್ರಶಸ್ತಿಯನ್ನು ಗೆದ್ದ ಸ್ಟುಟ್‌ಗಾರ್ಟ್ ತಂಡದ ಜೀವಾಳವಾಗಿದ್ದರು. ಆದರೆ ಇಂಥವರ ಕೀರ್ತಿಯಿಂದ ಊರಿನ ಮಕ್ಕಳ ಆಟದ ಬಯಲೇನೂ ಬದಲಾಗಲಿಲ್ಲ. ಬೇಸಗೆಯ ನಾಲ್ಕೈದು ತಿಂಗಳು ಮಾತ್ರ ಹುಲ್ಲು ಕಾಲಿಗೆ ಒದಗುವ ಆ ನೆಲದಲ್ಲಿ ಉಳಿದ ಕಾಲವೆಲ್ಲ ಜ್ವಾಲಾಮುಖಿಯ ಒರಟು ಗರಸಿನ ಮೈದಾನಗಳೇ ಗತಿ. ಬಿದ್ದರೆ ಮೊಣಕಾಲಿನ ತೊಗಲು ಕಿತ್ತುಬರುವ ಅಂಥ ನೆಲದ ಮೇಲೆ, ಕಡಲ ಗಾಳಿಗೆ ಮುಖವೊಡ್ಡಿ, ಚೆಂಡನ್ನು ಹದವಾಗಿ ನಿಲ್ಲಿಸುವ ವಿದ್ಯೆಯನ್ನು ಕಲಿಯುವುದೆಂತು? ಐಸ್‌ಲೆಂಡಿನವರು ಓಡುತ್ತಾರೆ, ಹೋರಾಡುತ್ತಾರೆ, ಆದರೆ ಚೆಂಡು ಅವರ ಮಾತು ಕೇಳುವುದಿಲ್ಲವೆಂಬ ಅಪಖ್ಯಾತಿಗೆ ಈ ಗರಸೇ ಬಹುಮಟ್ಟಿಗೆ ಕಾರಣವಾಗಿತ್ತು.

ಪರಿವರ್ತನೆಯ ಆರಂಭ 2000ದಲ್ಲಿ. ಆ ವರ್ಷ ಕೆಫ್ಲಾವಿಕ್ ಪಟ್ಟಣದಲ್ಲಿ ಪೂರ್ಣ ಅಳತೆಯ ಮೊದಲ ಒಳಾಂಗಣ ಮೈದಾನ ತೆರೆಯಿತು. ಎರಡು ವರ್ಷಗಳಲ್ಲಿ ಕೋಪವೋಗುರ್‌ನಲ್ಲಿ ಇನ್ನೊಂದು ಎದ್ದಿತು, ಬೇರೆ ಊರುಗಳೂ ಹಿಂಬಾಲಿಸಿದವು. ಅದರ ಜೊತೆಗೆ ಶಾಲೆಗಳ ಅಂಗಳಗಳಲ್ಲಿ ಕೃತಕ ಹುಲ್ಲಿನ ಚಿಕ್ಕ ಮೈದಾನಗಳು ನೂರಕ್ಕೂ ಮೀರಿ ಹರಡಿದವು. ಬಯಲಿನ ಅನೇಕ ಕೃತಕ ಮೈದಾನಗಳನ್ನು ಭೂಗರ್ಭದ ಬಿಸಿನೀರಿನಿಂದ ಕೆಳಗಿನಿಂದಲೇ ಬೆಚ್ಚಗಿಡುವ ಏರ್ಪಾಡು ಆ ದೇಶಕ್ಕೆ ಸಹಜವಾಗಿ ಒದಗಿಬಂದಿತು. ಮುಖ್ಯವಾದ ಮಾತೆಂದರೆ, ಈ ಕಟ್ಟಡಗಳನ್ನು ಬಹುಪಾಲು ಕಟ್ಟಿಸಿದವು ಕ್ಲಬ್ಬುಗಳಲ್ಲ, ಪೌರಸಭೆಗಳು. ಈಜುಕೊಳದಂತೆ, ಗ್ರಂಥಾಲಯದಂತೆ, ಮೈದಾನವೂ ಊರಿನ ಸಾರ್ವಜನಿಕ ಸ್ವತ್ತೆಂದು ಅವು ಭಾವಿಸಿದವು. ಸಾಲ ಮಾಡಿ ಕ್ರೀಡಾಂಗಣ ಕಟ್ಟಿ, ಆ ಸಾಲದ ಬಡ್ಡಿಯಲ್ಲಿಯೇ ಮುಳುಗಿಹೋದ ಕ್ಲಬ್ಬುಗಳು ಯುರೋಪಿನಲ್ಲಿ ಎಷ್ಟಿಲ್ಲ? ಆ ವಿಪತ್ತಿನಿಂದ ಐಸ್‌ಲೆಂಡಿನ ಕ್ಲಬ್ಬುಗಳನ್ನು ಕಾಪಾಡಿದುದು ಪೌರಸಭೆಗಳ ಈ ಭಾವನೆ.

ಛಾವಣಿಯಿಂದಲೇ ಆಟಗಾರ ಹುಟ್ಟುವುದಿಲ್ಲವಷ್ಟೆ. ಅದೇ ಕಾಲದಲ್ಲಿ ರಾಷ್ಟ್ರೀಯ ಸಂಸ್ಥೆ ಯುರೋಪಿನ ಫುಟ್‌ಬಾಲ್ ಒಕ್ಕೂಟವಾದ ಯುಇಎಫ್‌ಎಯ ತರಬೇತಿ ಶಿಕ್ಷಣವನ್ನು ಅಗ್ಗದ ಶುಲ್ಕದಲ್ಲಿ ಸ್ವದೇಶದಲ್ಲಿಯೇ ನಡೆಸತೊಡಗಿ, ಶಾಲೆಯ ಉಪಾಧ್ಯಾಯರು, ಹಳೆಯ ಆಟಗಾರರು, ಹೆಂಗಸರು ಗಂಡಸರೆನ್ನದೆ ಸಾಮಾನ್ಯ ನಾಗರಿಕರನ್ನು ಅದರತ್ತ ಸೆಳೆಯಿತು. 2010ರ ದಶಕದ ನಡುವಿಗೆ ಬಿ ದರ್ಜೆಯ ಪರವಾನಗಿ ಪಡೆದವರೇ 600ನ್ನು ಮೀರಿದ್ದರು. ಬೇರೆ ದೇಶಗಳಲ್ಲಿ ಯಾರೋ ಒಬ್ಬ ಹುಡುಗನ ತಂದೆ ವಾರದ ಕೊನೆಗೆ ಬಂದು ನಿಂತು ಆಡಿಸುವ ಆರೇಳು ವರ್ಷದ ಮಕ್ಕಳಿಗೆ ಇಲ್ಲಿ ಸಂಬಳ ಪಡೆಯುವ, ಪರೀಕ್ಷೆ ಮುಗಿಸಿದ ತರಬೇತುದಾರರು ದೊರೆಯುತ್ತಾರೆ. ಆ ಸಂಬಳ ಪೋಷಕರ ಶುಲ್ಕದಿಂದ ಬರುತ್ತದೆ, ಪ್ರತಿ ಮಗುವಿನ ಹೆಸರಿಗೆ ಪೌರಸಭೆಯ ಸಹಾಯಧನವೂ ಸೇರುತ್ತದೆ. ಕ್ಲಬ್ಬುಗಳೋ ಸದಸ್ಯರು ನಡೆಸುವ, ಹಲವು ಆಟಗಳನ್ನೊಳಗೊಂಡ ಸಂಘಗಳು. ಬೆಳೆದವರ ತಂಡದ ಲೆಕ್ಕ ಬೇರೆ, ಮಕ್ಕಳ ವಿಭಾಗದ ಲೆಕ್ಕ ಬೇರೆ. ಒಂದೇ ಛಾವಣಿಯಡಿ ಎರಡು ಒಲೆ ಹೂಡಿದ ಮನೆಯಂತಿರುವ ಈ ಏರ್ಪಾಡಿನಲ್ಲಿ, ಮೊದಲನೆಯ ತಂಡ ಕೆಳದರ್ಜೆಗೆ ಇಳಿದರೂ ಮಕ್ಕಳ ಅಭ್ಯಾಸ ನಿಲ್ಲುವುದಿಲ್ಲ. ಸುಸ್ಥಿರತೆಯ ಮರ್ಮ ನನಗೆ ಕಾಣುವುದು ಇಲ್ಲಿಯೇ.

ಈ ಏರ್ಪಾಡಿನ ಗಟ್ಟಿತನವನ್ನು 2008ರ ಅಕ್ಟೋಬರ್ ಪರೀಕ್ಷಿಸಿತು. ದೇಶದ ಮೂರು ದೊಡ್ಡ ಬ್ಯಾಂಕುಗಳು ಕುಸಿದುಬಿದ್ದವು. ಅವುಗಳಲ್ಲೊಂದಾದ ಲ್ಯಾಂಡ್ಸ್‌ಬಂಕಿಯ ಹೆಸರನ್ನೇ ಅಗ್ರ ಲೀಗ್ ಹೊತ್ತಿದ್ದಿತು. ಹಣದ ಮೂಲ ಬತ್ತಿದಾಗ ವಿದೇಶಿ ಆಟಗಾರರಿಗೆ ಸಂಬಳ ಕೊಡಲಾರದ ಕ್ಲಬ್ಬುಗಳು ಒಳಾಂಗಣಗಳಲ್ಲಿ ಬೆಳೆದ ಹದಿನೆಂಟು ಹತ್ತೊಂಬತ್ತರ ಹುಡುಗರನ್ನು ಕಣಕ್ಕಿಳಿಸಿದವು. ಕಾಲವೂ ಕೂಡಿಬಂದಿತ್ತು: 2010ರಲ್ಲಿ 21 ವರ್ಷದೊಳಗಿನವರ ತಂಡ ಜರ್ಮನಿಯನ್ನು 4-1ರಿಂದ ಸೋಲಿಸಿತು, ಮರುವರ್ಷದ ಯುರೋಪಿಯನ್ ಪಂದ್ಯಾವಳಿಗೆ ಅರ್ಹತೆ ಪಡೆಯಿತು. ಅದೇ 2010ರಲ್ಲಿ ಗಿಲ್ಫಿ ಸಿಗುರ್ದ್ಸನ್ ಇಂಗ್ಲೆಂಡಿನ ರೆಡಿಂಗ್‌ನಿಂದ ಜರ್ಮನಿಯ ಹೋಫೆನ್‌ಹೈಮ್‌ಗೆ ವರ್ಗವಾದಾಗ, ಬಾಲ್ಯದಲ್ಲಿ ತರಬೇತಿ ಕೊಟ್ಟ ಕ್ಲಬ್ಬುಗಳಿಗೆ ವರ್ಗಾವಣೆಯ ಮೊತ್ತದಲ್ಲಿ ಪಾಲು ಸಲ್ಲಬೇಕೆಂಬ ಫಿಫಾ ನಿಯಮದಿಂದ ಅವರ ಬಾಲ್ಯದ ಕ್ಲಬ್ ಬ್ರೇದಾಬ್ಲಿಕ್‌ಗೂ ಹಣ ಬಂದಿತು. ಆಟಗಾರರನ್ನು ರಫ್ತು ಮಾಡುವುದು ಚಿಕ್ಕ ದೇಶಕ್ಕೆ ಅವಮಾನವೆಂದು ಭಾವಿಸುವವರುಂಟು. ಹೊರಗೆ ಹೋದವನ ಹಿಂದೆಯೇ ಊರಿನ ಮೈದಾನಕ್ಕೆ ಹಣವೂ ಅನುಭವವೂ ಹರಿದುಬರುವುದಾದರೆ ಅದರಲ್ಲಿ ಅವಮಾನವೇನೂ ಇಲ್ಲವೆಂದು ನಾನು ದೃಢವಾಗಿ ನಂಬುತ್ತೇನೆ.

ಫಲವನ್ನು ಮೊದಲು ತಂದವರು ಹೆಂಗಸರು. 2009ರಲ್ಲಿಯೇ ಯುರೋಪಿಯನ್ ಚಾಂಪಿಯನ್‌ಷಿಪ್‌ನ ಅಂತಿಮ ಸುತ್ತಿನಲ್ಲಿ ಆಡಿದ ಅವರು 2013ರಲ್ಲಿ ಕ್ವಾರ್ಟರ್‌ಫೈನಲ್ ಮುಟ್ಟಿದರು. ಗಂಡಸರ ತಂಡಕ್ಕೆ ದೊರೆತ ಪ್ರಚಾರದ ಹತ್ತನೆಯ ಒಂದು ಪಾಲೂ ಅವರಿಗೆ ದೊರೆಯದಿದ್ದುದು ಅನ್ಯಾಯವೇ ಸರಿ. ಸ್ವೀಡನ್ನಿನ ಲಾರ್ಸ್ ಲಾಗರ್‌ಬೆಕ್ ಮತ್ತು ವೆಸ್ಟ್‌ಮನ್ ದ್ವೀಪದ ದಂತವೈದ್ಯ ಹೇಮಿರ್ ಹಾಲ್ಗ್ರಿಮ್ಸನ್ ಇವರ ಮಾರ್ಗದರ್ಶನದಲ್ಲಿ ಗಂಡಸರು 2016ರ ಯುರೋ ಪಂದ್ಯಾವಳಿಯಲ್ಲಿ ಇಂಗ್ಲೆಂಡನ್ನು 2-1ರಿಂದ ಮಣಿಸಿದುದೂ, ಬಳಿಕ ಹಾಲ್ಗ್ರಿಮ್ಸನ್ ಒಬ್ಬರ ಮಾರ್ಗದರ್ಶನದಲ್ಲಿಯೇ 2018ರ ವಿಶ್ವಕಪ್ಪಿಗೆ ಅದುವರೆಗಿನ ಅತ್ಯಂತ ಕಡಿಮೆ ಜನಸಂಖ್ಯೆಯ ದೇಶವಾಗಿ ಹೋದುದೂ ಲೋಕಕ್ಕೆ ತಿಳಿದೇ ಇದೆ.

ಈಗಿನ ಸಮಸ್ಯೆ ಸ್ವದೇಶದ ಲೀಗಿನದು. ಹನ್ನೆರಡು ತಂಡಗಳ ಅಗ್ರ ದರ್ಜೆಯಲ್ಲಿ ಇಂದಿಗೂ ಎಷ್ಟೋ ಆಟಗಾರರು ಹಗಲು ಉದ್ಯೋಗಕ್ಕೋ ವಿದ್ಯಾಭ್ಯಾಸಕ್ಕೋ ಹೋಗಿ ಸಂಜೆ ಅಭ್ಯಾಸಕ್ಕೆ ಬರುವವರು. 2023ರಲ್ಲಿ ಬ್ರೇದಾಬ್ಲಿಕ್ ಯುರೋಪಿನ ಕ್ಲಬ್ಬುಗಳ ಪಂದ್ಯಾವಳಿಯಾದ ಕಾನ್ಫರೆನ್ಸ್ ಲೀಗಿನ ಗುಂಪು ಹಂತವನ್ನು ಪ್ರವೇಶಿಸಿದ ಪ್ರಥಮ ಐಸ್‌ಲೆಂಡ್ ಕ್ಲಬ್ಬಾಗಿ ಆರಕ್ಕೆ ಆರೂ ಪಂದ್ಯಗಳನ್ನು ಸೋತಿತು. ಮರುವರ್ಷ ಅದೇ ಪಂದ್ಯಾವಳಿಯಲ್ಲಿ ವೀಕಿಂಗುರ್ ಕ್ಲಬ್ಬು ಬೆಲ್ಜಿಯಮ್ಮಿನ ಸರ್ಕಲ್ ಬ್ರೂಗೆಯನ್ನು 3-1ರಿಂದ ಗೆದ್ದಿತು. ಆ ಪಂದ್ಯ ನಡೆದುದು ಹಗಲಿನಲ್ಲಿ, ಅದೂ ಕೋಪವೋಗುರ್‌ನ ಎರವಲು ಮೈದಾನದಲ್ಲಿ. 2025ರ ಫೆಬ್ರವರಿಯಲ್ಲಿ ಗ್ರೀಸಿನ ಪನಾಥಿನೈಕೋಸ್ ವಿರುದ್ಧದ ತನ್ನ ತವರಿನ ಪಂದ್ಯವನ್ನು ಆಡಲು, ಚಳಿಗಾಲದಲ್ಲಿ ಅಂಥ ಪಂದ್ಯಕ್ಕೆ ಒದಗುವ ಮೈದಾನ ದೇಶದಲ್ಲಿಲ್ಲದೆ, ವೀಕಿಂಗುರ್ ಹೆಲ್ಸಿಂಕಿಗೇ ಹೋಗಬೇಕಾಯಿತು. ಮಕ್ಕಳಿಗೆ ಚಳಿಗಾಲವನ್ನು ಗೆದ್ದುಕೊಟ್ಟ ದೇಶ ತನ್ನ ಹಿರಿಯ ತಂಡಗಳಿಗೆ ಅದನ್ನು ಆಗಿನ್ನೂ ಗೆದ್ದುಕೊಟ್ಟಿರಲಿಲ್ಲ. ಇದಕ್ಕಿಂತ ಸೂಕ್ಷ್ಮವಾದುದು ಹಣದ ಪ್ರಶ್ನೆ: ಯುರೋಪಿನ ಒಂದೇ ಋತು ಒಂದು ಕ್ಲಬ್ಬಿಗೆ ತರುವ ಆದಾಯ ಉಳಿದ ಕ್ಲಬ್ಬುಗಳ ಕೈಗೆಟುಕದಷ್ಟಾದಾಗ, ಆ ಕ್ಲಬ್ಬೇ ವರ್ಷವರ್ಷವೂ ಗೆಲ್ಲುತ್ತ ಹೋಗಿ ಲೀಗಿನ ಸ್ಪರ್ಧೆ ಸೊರಗುವ ಅಪಾಯವಿದೆ. 2016ರ ಯುರೋ ಪಂದ್ಯಾವಳಿಯಿಂದ ಬಂದ ಹಣದಲ್ಲಿ ಒಂದು ಭಾಗವನ್ನು ರಾಷ್ಟ್ರೀಯ ಸಂಸ್ಥೆ ದೇಶದ ಕ್ಲಬ್ಬುಗಳಿಗೆ ಹಂಚಿತ್ತು. ಯುರೋಪಿನಲ್ಲಿ ಆಡದ ಕ್ಲಬ್ಬುಗಳ ಯುವವಿಭಾಗಗಳಿಗಾಗಿ ಯುಇಎಫ್‌ಎಯೂ ಸ್ವಲ್ಪ ಹಣ ಕೊಡುತ್ತದೆ. ಈ ಎರಡನೆಯ ಪಾಲು ಹಿಗ್ಗಬೇಕು, ಮೊದಲನೆಯದು ಒಂದು ಸಂತೋಷದ ವರ್ಷದ ಔದಾರ್ಯವಾಗಿ ಉಳಿಯದೆ ನಿಯಮವಾಗಬೇಕು. ಕ್ಲಬ್ಬುಗಳು ಇಂದು ಪರಸ್ಪರ ಸರಿಸಮವಾಗಿ ಕೂತು ಮಾತಾಡಬಲ್ಲವು. ಒಂದೆರಡು ಕ್ಲಬ್ಬುಗಳು ಉಳಿದವುಗಳಿಂದ ಬಹುದೂರ ಸಾಗಿದ ಮೇಲೆ ಇಂಥ ನಿಯಮಕ್ಕೆ ಅವುಗಳ ಸಮ್ಮತಿ ದೊರೆಯುವುದು ಕಷ್ಟ.