ಆಕ್ಸ್‌ಫರ್ಡಿನ ಕೇರಿಗೋಡೆ

ಆಕ್ಸ್‌ಫರ್ಡ್ ಅಂದರೆ ನಮ್ಮ ಮೇಷ್ಟ್ರುಗಳಿಗೆ ವಿದ್ಯೆಯ ತವರು. ಇಂಗ್ಲಿಷ್ ನಿಘಂಟು ಬಂದದ್ದು ಅಲ್ಲಿಂದ, ನಮ್ಮನ್ನಾಳಿದ ದೊರೆಗಳಲ್ಲಿ ಎಷ್ಟೋ ಮಂದಿ ಓದಿದ್ದು ಅಲ್ಲಿ. ಅದೇ ಊರಿನ ಉತ್ತರದ ಅಂಚಿಗೆ ಕಟ್ಸ್‌ಲೋ ಎಂಬ ಬಡಾವಣೆ ಇದೆ. ಅಲ್ಲಿ ಎರಡು ರಸ್ತೆಗಳಿಗೆ ಅಡ್ಡಲಾಗಿ ಎರಡು ಗೋಡೆಗಳು, ನಡುವೆ ಒಮ್ಮೆ ಬಿದ್ದು ಮತ್ತೆ ಎದ್ದು, ಸುಮಾರು 25 ವರ್ಷ ನಿಂತಿದ್ದವು. ಆಚೆಗೆ ಮನೆ ಕೊಂಡವರು, ಈಚೆಗೆ ಬಾಡಿಗೆಯವರು. ಎರಡೂ ಕಡೆಯವರ ಚರ್ಮದ ಬಣ್ಣ ಒಂದೇ, ಆಡುವ ಮಾತೂ ಒಂದೇ. ಆದರೂ ಗೋಡೆ ಬೇಕಾಯಿತು. ಊರು-ಕೇರಿಯ ಲೆಕ್ಕ ಬಲ್ಲ ನಾವು ಈ ಚರಿತ್ರೆಯನ್ನು ಓದಲೇಬೇಕು.

1930ರ ದಶಕದ ಮೊದಲಲ್ಲಿ ಆಕ್ಸ್‌ಫರ್ಡ್ ನಗರಸಭೆ ದುಡಿಯುವ ಜನರಿಗೆ ಅಲ್ಲಿ ಬಾಡಿಗೆ ಮನೆಗಳನ್ನು ಕಟ್ಟಿಸಿತು. ಕೊಳೆಗೇರಿಗಳಿಂದ ಎಬ್ಬಿಸಿದ ಕೆಲವು ಸಂಸಾರಗಳೂ ಅಲ್ಲಿಗೆ ಬಂದವು. ಪಕ್ಕದ ನೆಲದಲ್ಲಿ ಅರ್ಬನ್ ಹೌಸಿಂಗ್ ಕಂಪನಿ ಮಾರಾಟಕ್ಕೆ ಮನೆ ಕಟ್ಟಿತು. ಅದರ ಒಡೆಯ ಕ್ಲೈವ್ ಸ್ಯಾಕ್ಸ್‌ಟನ್. ಕೊಳೆಗೇರಿಯವರು ನೆರೆಯಲ್ಲಿದ್ದರೆ ನನ್ನ ಮನೆಗಳನ್ನು ಯಾರು ಕೊಂಡಾರು ಅನ್ನೋದು ಅವನ ಚಿಂತೆ. 1934ರ ಡಿಸೆಂಬರಿನಲ್ಲಿ ಗೋಡೆ ಎದ್ದವು. ಆಳಿಗಿಂತ ಎತ್ತರ, ತಲೆಯ ಮೇಲೆ ಕಬ್ಬಿಣದ ಮುಳ್ಳು. ಬ್ಯಾನ್‌ಬರಿ ರಸ್ತೆಯೆಂಬ ಹೆದ್ದಾರಿಗೆ ನೇರ ಹೋಗುತ್ತಿದ್ದ ದಾರಿ ಮುಚ್ಚಿತು. ಅಂಗಡಿಗೆ, ಬಸ್ಸಿಗೆ ಹೋಗುವ ಹೆಂಗಸರು ಮಕ್ಕಳು ಅರ್ಧ ಕಿಲೋಮೀಟರಿಗೂ ಹೆಚ್ಚು ಸುತ್ತಿಕೊಂಡು ಹೋಗಬೇಕಾಯಿತು. ಸುತ್ತಿನ ದಾರಿ ಅಂದರೇನು ಅಂತ ನಮ್ಮ ಕೇರಿಗಳಿಗೆ ಯಾರೂ ಪಾಠ ಹೇಳಬೇಕಿಲ್ಲ.

ಜನ ಸುಮ್ಮನೆ ಕೂರಲಿಲ್ಲ. 1934ರಲ್ಲೇ ಕೌಲಿಯ ಪ್ರೆಸ್ಡ್ ಸ್ಟೀಲ್ ಕಾರ್ಖಾನೆಯ ಮುಷ್ಕರದಲ್ಲಿ ಮುಂದೆ ನಿಂತಿದ್ದ ಕಮ್ಯುನಿಸ್ಟ್ ಏಬ್ ಲಜಾರಸ್ ಈ ಹೋರಾಟಕ್ಕೂ ಬಂದ. 1935ರ ಮೇ ತಿಂಗಳಲ್ಲಿ ಗುದ್ದಲಿ ಪಿಕಾಸಿ ಹಿಡಿದು ಗೋಡೆ ಕೆಡವಲು ಜನ ಹೊರಟರು. ಪೊಲೀಸರು ಅಡ್ಡ ನಿಂತರು. ಬಡವರ ದಾರಿ ಮುಚ್ಚಿದಾಗ ಕಾಣದ ಪೊಲೀಸರು ಗೋಡೆಯ ಕಾವಲಿಗೆ ಸರಿಯಾದ ಹೊತ್ತಿಗೆ ಬಂದರು.

ಇಲ್ಲಿಂದ ಮುಂದಿನದು ಕಾಗದದ ಕತೆ. ನಗರಸಭೆಗೂ ಈ ಗೋಡೆ ಬೇಡವಾಗಿತ್ತು. 1938ರಲ್ಲಿ ಅದು ರಸ್ತೆ ಸಮ ಮಾಡುವ ರೋಲರು ತರಿಸಿ ಗೋಡೆಗಳನ್ನು ಉರುಳಿಸಿಯೇ ಬಿಟ್ಟಿತು. ಜನ ಗೆದ್ದರು ಅಂದುಕೊಂಡರೆ, ಕಂಪನಿ ಕೋರ್ಟಿಗೆ ಹೋಯಿತು. ನೆಲ ಕಂಪನಿಯದು, ನಗರಸಭೆ ಹಿಡಿದ ಹಾದಿಯಲ್ಲಿ ಕೆಡವುವ ಅಧಿಕಾರ ಅದಕ್ಕಿಲ್ಲ ಅಂತ ತೀರ್ಪಾಯಿತು. ಗೋಡೆ ಮತ್ತೆ ಎದ್ದಿತು. ಜನ ಆರಿಸಿದ ಸಭೆ ಒಂದು ಕಡೆ, ಒಂದು ಹಿಡಿ ಅಗಲದ ನೆಲದ ಹಕ್ಕುಪತ್ರ ಇನ್ನೊಂದು ಕಡೆ. ತಕ್ಕಡಿಯಲ್ಲಿ ಹಕ್ಕುಪತ್ರವೇ ತೂಗಿತು.

ಆ ಕಾಲಕ್ಕೆ ಇಂಗ್ಲೆಂಡಿನಲ್ಲಿದ್ದದ್ದು 1932ರ ನಗರ ಯೋಜನಾ ಕಾಯ್ದೆ. ತನ್ನ ನೆಲದಲ್ಲಿ ಏನು ಕಟ್ಟಬೇಕು ಅನ್ನುವುದು ಬಹುಮಟ್ಟಿಗೆ ಒಡೆಯನ ಇಷ್ಟವೇ ಆಗಿತ್ತು. ಕಟ್ಟುವ ಮೊದಲು ಸ್ಥಳೀಯ ಸಂಸ್ಥೆಗೆ ಅರ್ಜಿ ಹಾಕಿ ಒಪ್ಪಿಗೆ ಪಡೆಯಬೇಕು ಎಂಬ ಕಟ್ಟಳೆ ದೇಶಕ್ಕೆಲ್ಲ ಬಂದದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ, ಲೇಬರ್ ಸರ್ಕಾರದ 1947ರ ಕಾಯ್ದೆಯಿಂದ. ಆದರೆ ಕಟ್ಸ್‌ಲೋ ಗೋಡೆ ಅದಕ್ಕೆ ಮುಂಚಿನದು. ಕಡೆಗೆ ನಗರಸಭೆ ಗೋಡೆ ನಿಂತಿದ್ದ ನೆಲದ ಪಟ್ಟಿಗಳನ್ನೇ 1,000 ಪೌಂಡು ಕೊಟ್ಟು ಕೊಂಡಿತು. 1959ರ ಮಾರ್ಚ್ 9ರಂದು ಗೋಡೆಗಳು ಬಿದ್ದವು. ಅನ್ಯಾಯ ತೊಲಗಿಸಲಿಕ್ಕೂ ಅನ್ಯಾಯ ಮಾಡಿದವರಿಗೇ ಬೆಲೆ ಕಟ್ಟಬೇಕಾಯಿತು ನೋಡಿ!

ಅದು ವರ್ಗದ ಗೋಡೆ. ಜಾತಿಯ ಗೋಡೆ ನೋಡಬೇಕಾದರೆ ಪಕ್ಕದ ತಮಿಳುನಾಡಿಗೆ ಹೋದರೆ ಸಾಕು. ಮಧುರೈ ಜಿಲ್ಲೆಯ ಉತ್ತಪುರದಲ್ಲಿ ದಲಿತರ ಓಣಿಗೆ ಅಡ್ಡಲಾಗಿ 1989ರ ಹೊತ್ತಿಗೆ ಎದ್ದ ಗೋಡೆಯಲ್ಲಿ ದಾರಿ ಬಿಡಿಸಲು 2008ರ ಮೇ ತಿಂಗಳವರೆಗೆ ಹೋರಾಡಬೇಕಾಯಿತು. ಜಿಲ್ಲಾಡಳಿತ ಒಡೆದದ್ದು ಗೋಡೆಯ ಒಂದು ಚೂರು ಮಾತ್ರ. ಅಷ್ಟಕ್ಕೇ ಮೇಲ್ಜಾತಿಯ ಸಂಸಾರಗಳು ಊರು ಬಿಟ್ಟು ಗುಡ್ಡಕ್ಕೆ ಹೋಗಿ ಕೂತವು. ಆಕ್ಸ್‌ಫರ್ಡಿನ ಸ್ಯಾಕ್ಸ್‌ಟನ್ನನಿಗೆ ಮನೆಯ ಬೆಲೆ ಇಳಿಯುವ ಭಯ. ಇಲ್ಲಿಯವರಿಗೆ ಹುಟ್ಟಿನ ಬೆಲೆಯೇ ಇಳಿಯುವ ಭಯ. ಮನೆಯನ್ನು ಮಾರಿ ಹೋಗಬಹುದು, ಜಾತಿಯನ್ನು ಮಾರಿ ಹೋಗಲಾಗದು. ಇದಕ್ಕೇ ನಮ್ಮ ಗೋಡೆ ಇನ್ನೂ ಗಟ್ಟಿ. ಎಷ್ಟೋ ಕಡೆ ಅದಕ್ಕೆ ಇಟ್ಟಿಗೆಯೂ ಬೇಕಿಲ್ಲ.

ಗೆಳೆಯರೇ, ಗೋಡೆ ಮೊದಲು ಏಳೋದು ನೆಲದ ಮೇಲಲ್ಲ, ನಕ್ಷೆಯ ಮೇಲೆ. ರಸ್ತೆ ಎಲ್ಲಿಗೆ ನಿಲ್ಲಬೇಕು, ಮೋರಿ ಯಾರ ಮನೆ ಮುಂದೆ ಹರಿಯಬೇಕು, ಸುಡುಗಾಡು ಎಲ್ಲಿರಬೇಕು, ಇದೆಲ್ಲ ಕಾಗದದಲ್ಲಿ ಗೆರೆಯಾಗಿ ಬಂದು ಆಮೇಲೆ ಕಲ್ಲಾಗುತ್ತದೆ. ಕರ್ನಾಟಕದಲ್ಲಿ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಇದೆ. ಊರಿನ ಯೋಜನೆ ಕಡೆಯದಾಗಿ ಗಟ್ಟಿಯಾಗುವ ಮೊದಲು ಅದನ್ನು ಪ್ರಕಟಿಸಿ ಜನರ ಅಭಿಪ್ರಾಯ ಕೇಳಬೇಕು ಅಂತ ಅದೇ ಹೇಳುತ್ತದೆ. ಆ ಪ್ರಕಟಣೆಯನ್ನು ನಮ್ಮ ಕೇರಿಯಲ್ಲಿ ಓದುವವರು ಯಾರು?

ಈ ಪ್ರಶ್ನೆ ಹಳ್ಳಿಯ ಮೇಷ್ಟ್ರುಗಳಿಗೆ, ನಮ್ಮ ಹಾಗೆ ಮನೆಗೆ ಮೊದಲ ಪದವಿ ತಂದ ಹುಡುಗ ಹುಡುಗಿಯರಿಗೆ. 1935ರ ಪಿಕಾಸಿಯ ಬಲವಿಲ್ಲದೆ ಹೋಗಿದ್ದರೆ ಕಟ್ಸ್‌ಲೋ ಗೋಡೆಯ ಮಾತೇ ಏಳುತ್ತಿರಲಿಲ್ಲ. ಕಾಗದದ ಬಲವಿಲ್ಲದ್ದರಿಂದ 1938ರಲ್ಲಿ ಬಿದ್ದ ಗೋಡೆ ಮತ್ತೆ ಎದ್ದಿತು. ನಮಗೆ ಎರಡೂ ಬೇಕು. ಬೀದಿಯಲ್ಲಿ ಕೂಗಿ ಬಂದ ಮೇಲೆ ಪಂಚಾಯ್ತಿ ಕಚೇರಿಗೂ ಹೋಗೋಣ. ನಕ್ಷೆ ಬಿಚ್ಚಿಸಿ, ನಮ್ಮ ಕೇರಿಯ ದಾರಿ ಅದರಲ್ಲಿ ಎಲ್ಲಿದೆ ಅಂತ ಬೆರಳಿಟ್ಟು ಕೇಳೋಣ. ಇಲ್ಲದಿದ್ದರೆ ತಕರಾರನ್ನು ಬರೆದು ಕೊಟ್ಟು, ಮೊಹರು ಹಾಕಿಸಿಕೊಂಡೇ ಬರೋಣ.